ಪುಡಿಯ ಹದ, ಮಾತ್ರೆಯ ಗಟ್ಟಿತನ

ಖ್ವಾಜಾ ಅಬ್ದುಲ್ ಹಮೀದ್ 1935ರಲ್ಲಿ ಕಟ್ಟಿದ ಸಿಪ್ಲಾ ಕಂಪನಿ, 1960ರಲ್ಲಿ ತನ್ನ ಎರಡನೆಯ ಕಾರ್ಖಾನೆಯನ್ನು ಮುಂಬಯಿಯ ವಿಕ್ರೋಳಿಯಲ್ಲಿ ತೆರೆಯಿತು. ಅದು ಶುರುವಾದದ್ದು ಮಾತ್ರೆ ಒತ್ತುವುದಕ್ಕಲ್ಲ, ಸಸ್ಯಮೂಲದ ಪದಾರ್ಥಗಳಿಗೆ ಒತ್ತು ಕೊಟ್ಟು ಶುದ್ಧ ರಾಸಾಯನಿಕಗಳನ್ನು ತಯಾರಿಸುವುದಕ್ಕೆ. ರಾಸಾಯನಿಕ ತಯಾರಾದ ಮಾತ್ರಕ್ಕೆ ಮಾತ್ರೆಯಾಗುವುದಿಲ್ಲ: ಔಷಧದ ಪುಡಿಗೂ ನಾವು ನುಂಗುವ ಮಾತ್ರೆಗೂ ನಡುವೆ ಗ್ರ್ಯಾನ್ಯುಲೇಷನ್ ಎಂಬ ಕಸುಬಿದೆ. ಪುಡಿಯನ್ನು ರವೆಯಂಥ ಕಾಳಾಗಿಸುವ ಕೆಲಸ ಅದು. ಮಾತ್ರೆಯ ಗಟ್ಟಿತನ ಬಹುಪಾಲು ತೀರ್ಮಾನವಾಗುವುದು ಇಲ್ಲೇ, ಒತ್ತುವ ಯಂತ್ರದಲ್ಲಿ ಅಲ್ಲ.

ಪುಡಿಯನ್ನು ಹಾಗೇ ಒತ್ತಿದರೆ ಆಗದೇ? ಕೆಲವು ಔಷಧಗಳಿಗೆ ಆಗುತ್ತದೆ. ಪ್ಯಾರಾಸಿಟಮಾಲ್‌ಗೆ ಆಗದು. ಅದರ ಹರಳುಗಳು ಒತ್ತಿದಾಗ ಕುಗ್ಗಿ, ಯಂತ್ರದ ಒತ್ತುಗೋಲು, ಅಂದರೆ ಪಂಚ್, ಮೇಲೆದ್ದ ಕೂಡಲೇ ಮತ್ತೆ ಹಿಗ್ಗುತ್ತವೆ. ಮಾತ್ರೆಯ ಮೇಲಿನ ಪದರ ಕಳಚಿ ಬರುತ್ತದೆ. ಕಸುಬಿನವರು ಇದನ್ನು ಕ್ಯಾಪಿಂಗ್ ಅನ್ನುತ್ತಾರೆ. ಒತ್ತಡ ಹೆಚ್ಚಿಸಿದರೆ ಇದು ವಾಸಿಯಾಗುವುದಿಲ್ಲ, ಎಷ್ಟೋ ಸಲ ಇನ್ನೂ ಬಿಗಡಾಯಿಸುತ್ತದೆ.

ಅದಕ್ಕೇ ಪುಡಿಗೆ ಪಿಷ್ಟದ ಗಂಜಿಯನ್ನೋ ಪೋವಿಡೋನ್ ಎಂಬ ಅಂಟಿನ ದ್ರಾವಣವನ್ನೋ ಹನಿಸಿ ಕಲಸುತ್ತಾರೆ. ಮಿಕ್ಸರ್ ಮೋಟಾರಿನ ಹೊರೆ ನೋಡಿ ಹದ ತಿಳಿಯುವ ವ್ಯವಸ್ಥೆ ಈಗ ಬಂದಿದೆ. ಹಳೆಯ ಪರೀಕ್ಷೆ ಮಾತ್ರ ಕೈಯದು: ಹಿಡಿಯಲ್ಲಿ ಹಿಂಡಿದರೆ ಉಂಡೆ ನಿಲ್ಲಬೇಕು, ಬೆರಳಿನಿಂದ ಒತ್ತಿದರೆ ಬಿರಿಯಬೇಕು. ಆ ಕೈಯ ಅರಿವಿನ ಬಗ್ಗೆ ನನಗೆ ದೊಡ್ಡ ಗೌರವವಿದೆ. ಆಮೇಲೆ ಒಣಗಿಸಿ ಜರಡಿ ಹಿಡಿಯುತ್ತಾರೆ.

ಕಾಳು ಗಟ್ಟಿಯಾದಷ್ಟೂ ಮಾತ್ರೆ ಗಟ್ಟಿ ಎಂದು ಯಾರಿಗಾದರೂ ಅನ್ನಿಸೀತು. ಆಗುವುದು ಹೆಚ್ಚಾಗಿ ಇದಕ್ಕೆ ವಿರುದ್ಧ. ಒಳಗೆ ಸಣ್ಣ ಸಣ್ಣ ರಂಧ್ರಗಳಿರುವ ಕಾಳು ಒತ್ತಡಕ್ಕೆ ಮಣಿದು ಮುರಿಯುತ್ತದೆ. ಆಗ ತೆರೆದುಕೊಳ್ಳುವ ಹೊಸ ಮೈಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಅತಿಯಾಗಿ ಕಲಸಿ ಬಿಗಿಯಾದ ಕಾಳು ಮಣಿಯುವುದಿಲ್ಲ, ಬೆಸೆಯುವುದೂ ಇಲ್ಲ. ಆಸ್ಪಿರಿನ್‌ನಂಥ ನೀರು ತಾಳದ ಔಷಧವನ್ನು ಒಣದಾಗಿಯೇ ರೋಲರ್ ನಡುವೆ ಒತ್ತಿ, ಪುಡಿಗಟ್ಟಿ ಕಾಳು ಮಾಡಬಹುದು. ಆದರೆ ಒಮ್ಮೆ ಒತ್ತಿಸಿಕೊಂಡ ಪುಡಿ ಎರಡನೆಯ ಸಲ ಅಷ್ಟು ಚೆನ್ನಾಗಿ ಕೂಡಿಕೊಳ್ಳದಿರುವುದುಂಟು.

ಒಣಗಿಸುವುದರಲ್ಲೂ ಹದ ಬೇಕು. ತೇವ ಉಳಿದರೆ ಕಾಳು ಪಂಚ್‌ಗೆ ಮೆತ್ತಿಕೊಳ್ಳುತ್ತದೆ, ತೀರಾ ಒಣಗಿದರೆ ಕ್ಯಾಪಿಂಗ್ ಮರುಕಳಿಸುತ್ತದೆ. ಮುಂಬಯಿಯ ಮಳೆಗಾಲದಲ್ಲಿ ಕೋಣೆಯ ಗಾಳಿಯ ತೇವವನ್ನು ಹಿಡಿತದಲ್ಲಿಡದೆ ಈ ಕೆಲಸ ಸಾಗದು. ಕಾಳು ಯಂತ್ರಕ್ಕೆ ಅಂಟದಿರಲಿ ಎಂದು ಕೊನೆಯಲ್ಲಿ ಸೇರಿಸುವ ಮೆಗ್ನೀಷಿಯಂ ಸ್ಟಿಯರೇಟ್ ಸಾಮಾನ್ಯವಾಗಿ ಶೇ. 1ರ ಒಳಗೇ ಇರುತ್ತದೆ. ಅದನ್ನು ಬಹಳ ಹೊತ್ತು ಕಲಸಿದರೆ ಕಾಳಿನ ಮೈಗೆಲ್ಲ ಸವರಿಕೊಂಡು ಬೆಸುಗೆಯನ್ನೇ ತಡೆಯುತ್ತದೆ.

ಸಿದ್ಧವಾದ ಮಾತ್ರೆಗಳಲ್ಲಿ ಕೆಲವನ್ನು ಪರೀಕ್ಷೆಗೆಂದು ಡ್ರಮ್ಮಿನಲ್ಲಿ ಹಾಕಿ, ನಿಮಿಷಕ್ಕೆ 25 ಸುತ್ತಿನಂತೆ 4 ನಿಮಿಷ ಉರುಳಿಸುತ್ತಾರೆ. ಸವೆತ ಶೇ. 1 ದಾಟಬಾರದು. ಆದರೆ ಹೊದಿಕೆಯಿಲ್ಲದ ಸಾಮಾನ್ಯ ಮಾತ್ರೆ 37 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ 15 ನಿಮಿಷದೊಳಗೆ ಒಡೆಯಲೂಬೇಕು. ಈ ಎರಡಕ್ಕೂ ಪಿಷ್ಟವೇ ಒದಗುತ್ತದೆ: ಗಂಜಿಯಾಗಿ ಕಾಳು ಕಟ್ಟುತ್ತದೆ, ಒಣಪುಡಿಯಾಗಿ ನೀರು ಹೀರಿ ಮಾತ್ರೆಯನ್ನು ಒಡೆಯುತ್ತದೆ. ಗಂಜಿಯನ್ನು ಕಲಸುವಾಗ ಹಾಕುತ್ತಾರೆ. ಒಣಪಿಷ್ಟದ ಒಂದು ಪಾಲನ್ನಾದರೂ ಒತ್ತುವ ಮುನ್ನ ಸೇರಿಸಲು ಎತ್ತಿಡುವುದು ರೂಢಿ.