ಮಿತಾಕ್ಷರದ ನೆಲದಲ್ಲಿ ಹೆಬ್ಬೆಟ್ಟಿನ ಗುರುತು

ಶಹಾಬಾದಕ್ಕೆ ಸಮೀಪದ ಮರತೂರು ವಿಜ್ಞಾನೇಶ್ವರನ ಊರೆಂದು ಪ್ರಸಿದ್ಧವಾಗಿದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದ ಈ ಪಂಡಿತನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ‘ಮಿತಾಕ್ಷರ’ವೆಂಬ ವ್ಯಾಖ್ಯಾನವು, ಬಂಗಾಳ ಪ್ರಾಂತವನ್ನುಳಿದು ಭಾರತದ ಬಹುಭಾಗದಲ್ಲಿ ಹಿಂದೂ ಅವಿಭಕ್ತ ಕುಟುಂಬದ ಆಸ್ತಿ ವಿಭಾಗಕ್ಕೆ ಆಧಾರವಾಯಿತು. ನಾಡಿಗೆ ನ್ಯಾಯಶಾಸ್ತ್ರವನ್ನಿತ್ತ ಈ ನೆಲದಲ್ಲಿಯೇ, ತಾನು ಬಿಟ್ಟುಕೊಡುತ್ತಿರುವುದೇನೆಂದರಿಯದೆ ಕಾಗದಕ್ಕೆ ಹೆಬ್ಬೆಟ್ಟೊತ್ತುವ ಹೆಣ್ಣುಮಕ್ಕಳಿರುವುದು ಚಿಂತಿಸತಕ್ಕ ವಿಷಯ.

ಮಿತಾಕ್ಷರ ಪದ್ಧತಿಯಲ್ಲಿ ಹುಟ್ಟಿನಿಂದಲೇ ಹಕ್ಕು ಪಡೆಯುತ್ತಿದ್ದವನು ಮಗನು ಮಾತ್ರ. ಕರ್ನಾಟಕವು 1994ರಲ್ಲಿ, ಅಂದಿಗೆ ಮದುವೆಯಾಗಿರದ ಮಗಳಿಗೂ ಆ ಹಕ್ಕನ್ನಿತ್ತಿತು. 2005ರ ಕೇಂದ್ರ ತಿದ್ದುಪಡಿಯು ಮದುವೆಯಾದವಳು, ಆಗದವಳು ಎಂಬ ಭೇದವನ್ನಳಿಸಿತು. ಆ ದಿನ ತಂದೆ ಬದುಕಿರಲೇಬೇಕೆಂಬ ನಿಯಮವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ತೀರ್ಪಿತ್ತಿತು. 2004ರ ಡಿಸೆಂಬರ್ 20ಕ್ಕಿಂತ ಮೊದಲೇ ನೋಂದಣಿಯಾದ ವಿಭಾಗಪತ್ರಗಳನ್ನು ಈ ಕಾಯಿದೆ ಕದಲಿಸದು. ಪರಿಶಿಷ್ಟ ಪಂಗಡದವರಿಗೆ ಇದು ತಾನಾಗಿ ಅನ್ವಯಿಸುವುದಿಲ್ಲ. ಆದರೆ ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಗೆ ಸೇರಿದ ಲಂಬಾಣಿಗರಿಗೆ ಅನ್ವಯಿಸುತ್ತದೆ. ಚಿಂಚೋಳಿಯ ತಾಂಡಾಗಳಲ್ಲಿ ಇದನ್ನು ತಿಳಿಸಿ ಹೇಳಬೇಕು.

ವಾಡಿ, ಸೇಡಂ ಕಡೆ ಸಿಮೆಂಟ್ ಕಾರ್ಖಾನೆಗಳು ಬಂದು ಕಲ್ಲುನೆಲಕ್ಕೂ ಬೆಲೆ ಬಂದಿದೆ. ಹೊಲ ಮಾರುವ ಕಾಲಕ್ಕೆ ಅಕ್ಕತಂಗಿಯರ ಸಹಿ ಬೇಕಾಗುತ್ತದೆ; ಸೀರೆ ಉಡಿಸಿ, ಉಡಿ ತುಂಬಿ ಹಕ್ಕು ಬಿಡುಗಡೆ ಪತ್ರವನ್ನು ಮುಂದಿಡುತ್ತಾರೆ. ಒಲ್ಲೆನೆಂದರೆ ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆ ಅವಳಿಗೆ. ಈ ಅಂಜಿಕೆಯನ್ನು ಕಾಯಿದೆ ನೀಗಿಸಲಾರದು. ತಿಳಿದೇ ಬಿಟ್ಟುಕೊಡುವೆನೆಂದರೆ ಅದು ಅವಳ ಇಚ್ಛೆ. ಓದಿ ಹೇಳದೆ ಒತ್ತಿಸಿಕೊಳ್ಳುವುದು ವಂಚನೆ. 100 ರೂಪಾಯಿ ಅಥವಾ ಮೇಲ್ಪಟ್ಟ ಬೆಲೆಯ ಸ್ಥಿರಾಸ್ತಿಯ ಬಿಡುಗಡೆ ಪತ್ರ ನೋಂದಣಿಯಾಗಲೇಬೇಕು. ಮನೆಯಲ್ಲಿ ಬರೆಸಿಕೊಂಡ ಬರಿಯ ಕಾಗದದಿಂದ ಹಕ್ಕು ಹೋಗದು. ಈ ಒಂದು ಮಾತು ತಿಳಿದಿದ್ದರೆ ಎಷ್ಟೋ ಮನೆಗಳಲ್ಲಿ ಮಾತುಕತೆಯ ಧಾಟಿಯೇ ಬೇರೆಯಾದೀತು.

1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯು 1995ರಲ್ಲಿ ಜಾರಿಗೆ ಬಂದಿತು. ಅದರಂತೆ ಆದಾಯವೆಷ್ಟೇ ಇರಲಿ, ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡದವರು ಮತ್ತು ಕಾರ್ಖಾನೆಯ ಕಾರ್ಮಿಕರು ಉಚಿತ ವಕೀಲರನ್ನು ಪಡೆಯಬಹುದು. ತಾಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟರಾಯಿತು. ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಕೋರ್ಟ್ ಶುಲ್ಕವೂ ಮರಳಿ ಬರುತ್ತದೆ. ಆದರೆ ಆ ರಾಜಿಯ ಮೇಲೆ ಅಪೀಲಿಲ್ಲವೆಂಬುದನ್ನು ಮೊದಲೇ ತಿಳಿಸಬೇಕು.

ಅರಿವಿನ ಶಿಬಿರಗಳಲ್ಲಿ ಸಂವಿಧಾನದ ವಿಧಿಗಳ ಪಟ್ಟಿಯನ್ನೊಪ್ಪಿಸುವುದಕ್ಕಿಂತ, ಪಾಲಕರ ಸಭೆಯ ದಿನ ಮಾದರಿ ಬಿಡುಗಡೆ ಪತ್ರವೊಂದನ್ನೂ ಪಹಣಿಯೊಂದನ್ನೂ ಸಾಲು ಸಾಲಾಗಿ ಓದಿ ಅರ್ಥ ಹೇಳುವುದು ಮೇಲು. ವಕೀಲರಾಗಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ಚಿತ್ತಾಪುರ, ಸೇಡಂ, ಚಿಂಚೋಳಿಗಳಲ್ಲಿ ವರ್ಷಕ್ಕೆರಡು ದಿನ ಬಿಡುವು ಮಾಡಿಕೊಂಡರೆ ಸಾಕು. ಕೊಠಡಿಯನ್ನು ಶಾಲೆ ಕೊಡಬಲ್ಲದು.