ಒಂದೇ ಮೇಜಿನ ಸುತ್ತ ನಾಲ್ವರು

ಥಾಣೆಯ ಮನೋರೋಗ ಆಸ್ಪತ್ರೆಯನ್ನು ಬೆಂಗಳೂರಿನ ನಿಮ್ಹಾನ್ಸ್ ಮಾದರಿಯಲ್ಲಿ ಹೊಸದಾಗಿ ಕಟ್ಟುವ ಯೋಜನೆಯನ್ನು ಮಹಾರಾಷ್ಟ್ರ ಸರ್ಕಾರ ಕೈಗೆತ್ತಿಕೊಂಡಿದೆ. ಹಣವೆಲ್ಲ ಇಟ್ಟಿಗೆ, ಸಿಮೆಂಟಿಗೇ ಹೋದರೆ ಆ ಮಾದರಿ ಬೆಂಗಳೂರಿನಲ್ಲೇ ಉಳಿದುಬಿಡುತ್ತದೆ.

ಬೆಳಗಿನ ಎಂಟರ ಹೊತ್ತಿಗೆ ಡೊಂಬಿವಲಿಯಲ್ಲಿ ಲೋಕಲ್ ಹತ್ತುವವರಿಗೆ ಗೊತ್ತು, ಕಾಲೂರಲು ಜಾಗ ಸಿಕ್ಕರೆ ಅದೇ ಪುಣ್ಯ. ಆ ನೂಕುನುಗ್ಗಲಿನಲ್ಲಿ ಒಬ್ಬ ತಾಯಿ ಇಪ್ಪತ್ತರ ಮಗನ ಕೈ ಬಿಗಿಯಾಗಿ ಹಿಡಿದು ಥಾಣೆಗೆ ಹೊರಟಿದ್ದಾಳೆ ಎಂದಿಟ್ಟುಕೊಳ್ಳಿ. ಯಾರೋ ತನ್ನನ್ನು ಬೈಯುತ್ತಿರುವ ದನಿ ಅವನಿಗೆ ಆರು ತಿಂಗಳಿಂದ ಕೇಳಿಸುತ್ತಿದೆ. ವೈದ್ಯರು ಪರೀಕ್ಷಿಸಿ ಮಾತ್ರೆ ಬರೆಯುತ್ತಾರೆ. ದಾಖಲಾದ ಮೂರನೆಯ ದಿನ, ಹುಡುಗ ಮಾತ್ರೆಯನ್ನು ನಾಲಿಗೆಯ ಕೆಳಗಿಟ್ಟುಕೊಂಡು ಬಚ್ಚಲಲ್ಲಿ ಉಗುಳುವುದನ್ನು ನರ್ಸ್ ಗಮನಿಸುತ್ತಾಳೆ. ಹಗಲೆಲ್ಲ ತೂಕಡಿಕೆ ಬಂದರೆ ಕೆಲಸ ಹೋಗುತ್ತದೆಂಬ ಅವನ ಭಯ ಮನಶ್ಶಾಸ್ತ್ರಜ್ಞನ ಮುಂದೆ ಬಾಯಿಬಿಡುತ್ತದೆ. ತಾಯಿಗೆ ಕನ್ನಡ ಬಿಟ್ಟರೆ ಬೇರೆ ಭಾಷೆ ಬರುವುದಿಲ್ಲ, ಮರಾಠಿಯಲ್ಲಿ ಹೇಳಿದ ಸೂಚನೆಗಳಿಗೆ ಆಕೆ ಸುಮ್ಮನೆ ತಲೆಯಾಡಿಸಿದ್ದಾಳೆ ಎಂಬುದು ಸಮಾಜ ಕಾರ್ಯಕರ್ತೆಗೆ ತಿಳಿಯುತ್ತದೆ.

ಇವನ್ನು ನಾಲ್ವರೂ ನಾಲ್ಕು ಫೈಲುಗಳಲ್ಲಿ ಬರೆದಿಟ್ಟರೆ ಆ ಹುಡುಗ ಇಡಿಯಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ಒಂದೇ ಮೇಜಿನ ಸುತ್ತ ಅರ್ಧ ಗಂಟೆ ಕೂತರೆ ಮಾತ್ರೆಯ ಹೊತ್ತು ರಾತ್ರಿಗೆ ಬದಲಾಗುತ್ತದೆ, ತಾಯಿಗೆ ಅವಳ ಮಾತಿನಲ್ಲೇ ವಿವರಿಸುವವರು ಸಿಗುತ್ತಾರೆ. ಹೀಗೆ ಕೂತು ಮಾತಾಡುವುದು ತಾನಾಗಿ ಬರುವ ಗುಣವೇನಲ್ಲ, ಓದುವ ಕಾಲದಲ್ಲೇ ಕಲಿಯಬೇಕಾದ ವಿದ್ಯೆ. ಬೇರೆ ಬೇರೆ ವೃತ್ತಿಗಳ ವಿದ್ಯಾರ್ಥಿಗಳು ಒಬ್ಬರ ಬಗ್ಗೆ ಒಬ್ಬರು, ಒಬ್ಬರಿಂದ ಒಬ್ಬರು, ಒಬ್ಬರ ಜೊತೆ ಒಬ್ಬರು ಕಲಿಯಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಹೊರತಂದ ಚೌಕಟ್ಟಿನ ತಿರುಳು. ಅಂತರ್‌ವೃತ್ತಿ ಶಿಕ್ಷಣ ಎಂದರೆ ಇಷ್ಟೇ.

ಬೆಂಗಳೂರಿನ ಪಾಠ

ಹೆಸರು ಹೊಸದಾದರೂ ಕನ್ನಡನಾಡಿಗೆ ಈ ಪದ್ಧತಿ ಹಳೆಯದು. ಮೈಸೂರು ಸಂಸ್ಥಾನದ ಕಾಲದ ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಯಿತು. ಡಾ. ಎಂ.ವಿ. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರು. ಮೊದಲ ವರ್ಷಗಳಲ್ಲೇ ವೈದ್ಯರು, ಮನಶ್ಶಾಸ್ತ್ರ ಓದಿದವರು, ನರ್ಸ್‌ಗಳು ಒಂದೇ ಆವರಣದಲ್ಲಿ ತರಬೇತಿ ಪಡೆದರು. ಮುಂದೆ ಸಮಾಜ ಕಾರ್ಯದವರೂ ಸೇರಿಕೊಂಡರು. 1974ರಲ್ಲಿ ಆಸ್ಪತ್ರೆ ಮತ್ತು ಸಂಸ್ಥೆ ಒಂದಾಗಿ ನಿಮ್ಹಾನ್ಸ್ ಆಯಿತು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮಾನಸಿಕ ಕಾಯಿಲೆಗಳನ್ನು ಗುರುತಿಸುವ ತರಬೇತಿ ಕೊಟ್ಟದ್ದು ಇದೇ ಸಂಸ್ಥೆ. 1996ರಲ್ಲಿ ದೇಶ ಕೈಗೊಂಡ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ‘ಬಳ್ಳಾರಿ ಮಾದರಿ’ಯೇ ತಳಹದಿ.

ಹಣ ಬಂದ ದಾರಿ

ಕೂಡಿ ಕಲಿಯುವುದಕ್ಕೂ ಹಣ ಬೇಕು. ಅದನ್ನು ಹೇಗೆ ಕೊಡಬಹುದು ಎಂಬುದಕ್ಕೆ ನಮ್ಮ ದೇಶದಲ್ಲೇ ಒಳ್ಳೆಯ ಉದಾಹರಣೆ ಇದೆ. 2009ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮದ ಅಡಿ ಕೇಂದ್ರ ಸರ್ಕಾರ ಮಾನವ ಸಂಪನ್ಮೂಲ ಯೋಜನೆಯನ್ನು ತಂದಿತು. ಆಯ್ಕೆಯಾದ ಒಂದೊಂದು ಉತ್ಕೃಷ್ಟತಾ ಕೇಂದ್ರಕ್ಕೆ 30 ಕೋಟಿ ರೂಪಾಯಿವರೆಗೆ ನೆರವು. ಮನೋವೈದ್ಯಶಾಸ್ತ್ರಕ್ಕಷ್ಟೇ ಹಣ ಸುರಿದರೆ ಆಗದು. ಚಿಕಿತ್ಸಾ ಮನಶ್ಶಾಸ್ತ್ರ, ಮನೋವೈದ್ಯಕೀಯ ಸಮಾಜ ಕಾರ್ಯ, ಮನೋವೈದ್ಯಕೀಯ ಶುಶ್ರೂಷೆ ಇವೂ ಒಟ್ಟಿಗೆ ಬೆಳೆಯಬೇಕು ಎಂಬುದು ಯೋಜನೆಯ ಜೀವಾಳ. ಈ ದಾರಿಯಲ್ಲಿ 25 ಉತ್ಕೃಷ್ಟತಾ ಕೇಂದ್ರಗಳಿಗೆ ಮಂಜೂರಾತಿ ಸಿಕ್ಕಿತು. 19 ಸರ್ಕಾರಿ ಸಂಸ್ಥೆಗಳ 47 ಸ್ನಾತಕೋತ್ತರ ವಿಭಾಗಗಳು ಬಲಗೊಂಡವು.

ಮನೋವೈದ್ಯಕೀಯದ ಆಚೆಗೂ ಕೆಲಸ ನಡೆದಿದೆ. ವೈದ್ಯಕೀಯ ಅಧ್ಯಾಪಕರಿಗೆ ತರಬೇತಿ ಕೊಡುವ ಅಮೆರಿಕದ ಫೈಮರ್ ಪ್ರತಿಷ್ಠಾನ 2005ರಲ್ಲಿ ಪರೇಲ್‌ನ ಸೇಠ್ ಜಿ.ಎಸ್. ವೈದ್ಯಕೀಯ ಕಾಲೇಜಿನಲ್ಲಿ ತನ್ನ ಪ್ರಾದೇಶಿಕ ಕೇಂದ್ರ ತೆರೆಯಿತು. ಅಲ್ಲಿ ಫೆಲೋಶಿಪ್ ಪಡೆದ ಅಧ್ಯಾಪಕರು ತಮ್ಮ ಕಾಲೇಜಿನಲ್ಲಿ ಒಂದು ಶಿಕ್ಷಣ ಪ್ರಯೋಗ ನಡೆಸಿ ತೋರಿಸಬೇಕು. ಮುಂದೆ ಇದೇ ಪ್ರತಿಷ್ಠಾನದ ಜೊತೆಗೂಡಿ ಮಣಿಪಾಲ ಅಂತರ್‌ವೃತ್ತಿ ಶಿಕ್ಷಣದ ನಾಯಕತ್ವಕ್ಕೆಂದೇ ಪ್ರತ್ಯೇಕ ಕೇಂದ್ರ ಕಟ್ಟಿತು.

ಒಂದೇ ರೈಲು, ಬೇರೆ ಬೇರೆ ತರಗತಿ

ನಮ್ಮ ಥಾಣೆ ಖಾಡಿಯ ಈಚೆಯ ದಂಡೆಯನ್ನೇ ನೋಡೋಣ. ನೆರುಳ್‌ನ ಡಿ.ವೈ. ಪಾಟೀಲ್, ಕಾಮೋಠೆಯ ಎಂಜಿಎಂ, ಈ ಎರಡೂ ಡೀಮ್ಡ್ ವಿಶ್ವವಿದ್ಯಾಲಯಗಳಲ್ಲಿ ವೈದ್ಯಕೀಯ, ನರ್ಸಿಂಗ್, ಫಿಸಿಯೋಥೆರಪಿ ಕಾಲೇಜುಗಳಿವೆ. ಕಳ್ವಾದಲ್ಲಿ ಥಾಣೆ ಮಹಾನಗರ ಪಾಲಿಕೆಯದೇ ರಾಜೀವ್ ಗಾಂಧಿ ವೈದ್ಯಕೀಯ ಕಾಲೇಜಿದೆ. ಸಮಾಜ ಕಾರ್ಯ ಶಿಕ್ಷಣಕ್ಕೆ 1936ರಲ್ಲಿ ಟಾಟಾ ಟ್ರಸ್ಟಿನ ಹಣದಿಂದ ಹುಟ್ಟಿದ ಟಾಟಾ ಸಮಾಜ ವಿಜ್ಞಾನ ಸಂಸ್ಥೆ (ಟಿಸ್) ಆಚೆ ದಂಡೆಯ ದೇವನಾರಿನಲ್ಲಿದೆ. ಮಾನ್ಖುರ್ದ್ ದಾಟಿ ಸೇತುವೆ ಹಿಡಿದರೆ ವಾಶಿ. ದೇವನಾರಿನಲ್ಲಿ ಸಮಾಜ ಕಾರ್ಯ ಓದುವ ಹುಡುಗಿ, ನೆರುಳ್‌ನಲ್ಲಿ ನರ್ಸಿಂಗ್ ಓದುವ ಹುಡುಗಿ ಒಂದೇ ಹಾರ್ಬರ್ ಲೈನಿನಲ್ಲಿ ಓಡಾಡಬಹುದು, ಒಂದೇ ಬೆಂಚಿನಲ್ಲಿ ಪಾಠ ಕೇಳಲಾರರು. ವೈದ್ಯಕೀಯಕ್ಕೆ ಒಂದು ಆಯೋಗ, ನರ್ಸಿಂಗ್‌ಗೆ ಇನ್ನೊಂದು ಪರಿಷತ್ತು, ಫಿಸಿಯೋಥೆರಪಿಯಂಥ ವೃತ್ತಿಗಳಿಗೆ 2021ರ ಕಾಯ್ದೆಯ ಮೇರೆಗೆ ಬಂದ ಮತ್ತೊಂದು ಆಯೋಗ. ಪಠ್ಯ, ವೇಳಾಪಟ್ಟಿ, ಪರೀಕ್ಷೆ ಎಲ್ಲವೂ ಬೇರೆ ಬೇರೆ. ವೈದ್ಯ ಪದವೀಧರ ಆರೋಗ್ಯ ತಂಡದ ನಾಯಕನೂ ಆಗಬೇಕು, ಸದಸ್ಯನೂ ಆಗಬೇಕು ಎಂದು 2019ರ ಎಂಬಿಬಿಎಸ್ ಪಠ್ಯಕ್ರಮವೇ ಹೇಳುತ್ತದೆ. ತಂಡವನ್ನೇ ನೋಡದೆ ಸದಸ್ಯನಾಗುವುದು ಹೇಗೆ?

ಇವರನ್ನು ಕೂಡಿಸಿ ಕಲಿಸಲು ಬೇಕಾದ ಹಣ ದೊಡ್ಡ ಮೊತ್ತವೇನೂ ಅಲ್ಲ. ನಾಲ್ಕು ಕಾಲೇಜಿನ ಅಧ್ಯಾಪಕರ ವಾರದ ಎರಡು ಗಂಟೆ, ವಿದ್ಯಾರ್ಥಿಗಳ ಬಸ್ ಖರ್ಚು, ಒಂದು ಕೋಣೆ, ಲೆಕ್ಕ ಇಡಲು ಒಬ್ಬ ಸಂಯೋಜಕ. ಆದರೆ ಒಂದು ಷರತ್ತು ಮಾತ್ರ ಗಟ್ಟಿಯಾಗಿರಬೇಕು: ಈ ಹಣ ಕೇಳುವ ಅರ್ಜಿಗೆ ಕನಿಷ್ಠ ಎರಡು ಬೇರೆ ಶಾಖೆಗಳ ಸಹಿ ಬೇಕು, ಒಂಟಿಯಾಗಿ ಬಂದವರಿಗೆ ಹಣವಿಲ್ಲ. ಹಾಗೆ ಮಾಡಿದ ದಿನ ವಿಭಾಗಗಳು ತಾವಾಗಿ ಒಂದರ ಬಾಗಿಲನ್ನು ಇನ್ನೊಂದು ತಟ್ಟುತ್ತವೆ.

ಥಾಣೆಯ ಆಸ್ಪತ್ರೆ 1901ರದು. ಬಹುಕಾಲ ಎನ್.ಎಂ. ಮೆಂಟಲ್ ಹಾಸ್ಪಿಟಲ್ ಎಂದೇ ಹೆಸರಾಗಿತ್ತು. ಹಾಸಿಗೆಗಳ ಮಂಜೂರಾದ ಸಂಖ್ಯೆಯೇ 1,850. ಪುಣೆಯ ಯೆರವಡಾ, ನಾಗಪುರ, ರತ್ನಾಗಿರಿಯ ಜೊತೆ ರಾಜ್ಯದ ನಾಲ್ಕು ಪ್ರಾದೇಶಿಕ ಮನೋರೋಗ ಆಸ್ಪತ್ರೆಗಳಲ್ಲಿ ಇದೂ ಒಂದು. ಇಷ್ಟು ದೊಡ್ಡ ಆಸ್ಪತ್ರೆ ಹೊಸ ರೂಪ ಪಡೆಯುವಾಗ ನೆರುಳ್, ಕಾಮೋಠೆ, ಕಳ್ವಾ, ದೇವನಾರಿನ ವಿದ್ಯಾರ್ಥಿಗಳು ಕೂಡಿ ಕಲಿಯುವ ಒಂದು ಕೋಣೆಗೆ ನಕ್ಷೆಯಲ್ಲಿ ಜಾಗ ಇಡಬೇಕು. ಆ ಕೋಣೆಯಲ್ಲಿ ಪ್ರತಿವರ್ಷ ಪಾಠ ನಡೆಯಲು ಬಜೆಟ್ಟಿನಲ್ಲೂ ಒಂದು ಸಾಲು ಇರಬೇಕು.

ನಾವೂ ಮಾಡಬಹುದಾದದ್ದಿದೆ. ಡೊಂಬಿವಲಿ ಕರ್ನಾಟಕ ಸಂಘ ಮಂಜುನಾಥ ವಿದ್ಯಾಲಯವನ್ನು ಕಟ್ಟಿ ನಡೆಸುತ್ತಿದೆ. ಶಿಕ್ಷಣಕ್ಕೆ ಹಣ ಕೂಡಿಸುವುದು ಇಲ್ಲಿನ ಕನ್ನಡಿಗರಿಗೆ ಹೊಸದೇನಲ್ಲ. ಥಾಣೆ, ಕಲ್ಯಾಣ್, ನವಿಮುಂಬಯಿಯ ಸಂಘಗಳು ತಮ್ಮ ವಿದ್ಯಾರ್ಥಿವೇತನಗಳಲ್ಲಿ ಒಂದನ್ನು ಹೀಗೆ ಕೊಡಲಿ: ವೈದ್ಯಕೀಯ, ನರ್ಸಿಂಗ್, ಮನಶ್ಶಾಸ್ತ್ರ, ಸಮಾಜ ಕಾರ್ಯ ಓದುವ ನಾಲ್ವರಿಗೆ ಒಟ್ಟಾಗಿ, ಒಂದು ವರ್ಷ ಒಂದೇ ವಾರ್ಡಿನಲ್ಲಿ ಕೆಲಸ ಮಾಡಬೇಕೆಂಬ ಕರಾರಿನೊಂದಿಗೆ. ಆ ನಾಲ್ವರಲ್ಲಿ ಒಬ್ಬರಿಗೆ ಕನ್ನಡ ಬಂದರೂ ಸಾಕು, ಡೊಂಬಿವಲಿಯಿಂದ ಮಗನ ಕೈ ಹಿಡಿದು ಬಂದ ಆ ತಾಯಿ ಸುಮ್ಮನೆ ತಲೆಯಾಡಿಸಬೇಕಾಗುವುದಿಲ್ಲ.