ವರ್ಷಕ್ಕೊಂದು ಗಿಲ್ಡರ್, ದಿನಕ್ಕೆ ಮೂರು ಪ್ರಾರ್ಥನೆ

ಜರ್ಮನಿಯ ಆಗ್ಸ್‌ಬರ್ಗ್ ನಗರದಲ್ಲಿ ಫುಗ್ಗರೈ ಎಂಬ ಕೇರಿಯೊಂದಿದೆ. ಇಲ್ಲಿನ ಮನೆಯ ಬಾಡಿಗೆ 88 ಸೆಂಟ್, ನಮ್ಮ ನೂರು ರೂಪಾಯಿಗಿಂತಲೂ ಕಡಿಮೆ. ತಿಂಗಳಿಗಲ್ಲ, ವರ್ಷಕ್ಕೆ! 1521ರಲ್ಲಿ ಗೊತ್ತುಮಾಡಿದ ಒಂದು ರೈನ್ ಗಿಲ್ಡರ್‌ನ ಮುಖಬೆಲೆ ಇಂದಿನ ಲೆಕ್ಕದಲ್ಲಿ ಅಷ್ಟೇ. ಬಾಡಿಗೆಯ ಇನ್ನೊಂದು ಪಾಲನ್ನು ದುಡ್ಡಲ್ಲಿ ಕಟ್ಟುವುದಲ್ಲ. ಕಟ್ಟಿಸಿದವನಿಗಾಗಿ, ಅವನ ಮನೆತನಕ್ಕಾಗಿ ದಿನವೂ ಮೂರು ಪ್ರಾರ್ಥನೆ ಹೇಳಬೇಕು.

ಕಟ್ಟಿಸಿದವನು ಯಾಕೋಬ್ ಫುಗ್ಗರ್, ಆ ಕಾಲದ ಯುರೋಪಿನ ಮಹಾ ಸಾಹುಕಾರ. ಬೆಳ್ಳಿ, ತಾಮ್ರದ ಗಣಿಗಳ ಒಡೆಯ. ಐದನೆಯ ಚಾರ್ಲ್ಸ್ 1519ರಲ್ಲಿ ಚಕ್ರವರ್ತಿಯಾಗಿ ಆಯ್ಕೆಯಾಗಲು ಸಾಲ ಕೊಟ್ಟವನು. ಪಾಪಕ್ಷಮೆಯ ಪತ್ರಗಳ ಮಾರಾಟದ ಹಣವೂ ಅವನ ಕೋಠಿಯ ಮೂಲಕವೇ ಹರಿಯಿತು. ಮಾರ್ಟಿನ್ ಲೂಥರ್ ಸಿಡಿದೆದ್ದದ್ದು ಆ ಮಾರಾಟದ ವಿರುದ್ಧ. ಬಡ್ಡಿಯನ್ನು ಚರ್ಚು ಪಾಪವೆಂದು ಬೋಧಿಸುತ್ತಿದ್ದ ಕಾಲವದು. ದಾನ ಆತ್ಮಕ್ಕೆ ಬುತ್ತಿ, ಬಡವರ ಪ್ರಾರ್ಥನೆ ದೇವರಿಗೆ ಬೇಗ ಮುಟ್ಟುತ್ತದೆ ಎಂಬ ನಂಬಿಕೆಯೂ ಅಷ್ಟೇ ಗಟ್ಟಿ. ಹಾಗಾಗಿ ಈ ದಾನದ ಹಿಂದೆ ಭಯವೂ ಇತ್ತು, ಭಕ್ತಿಯೂ ಇತ್ತು. ಭಯದಿಂದ ಕೊಟ್ಟದ್ದೆಂದು ನಾನು ಇದನ್ನು ಕಡೆಗಣಿಸಲಾರೆ.

ಏಕೆಂದರೆ ಅವನು ಕೊಟ್ಟ ರೀತಿ ದೊಡ್ಡದು. ಭಿಕ್ಷೆಗೆ ಕೈಚಾಚಲು ಮನಸ್ಸೊಪ್ಪದ, ದುಡಿದರೂ ಸಾಲದ ಕೂಲಿಗಳು, ಕುಶಲಕರ್ಮಿಗಳು ಅವನ ಕಣ್ಣಿಗೆ ಬಿದ್ದರು. ಅವರನ್ನು ಒಂದೇ ಹಜಾರದಲ್ಲಿ ಸಾಲಾಗಿ ಮಲಗಿಸಲಿಲ್ಲ. ಪ್ರತಿ ಸಂಸಾರಕ್ಕೂ ಬೇರೆ ಮನೆ, ಬೀದಿಗೆ ತೆರೆಯುವ ಸ್ವಂತ ಬಾಗಿಲು. ಬಾಗಿಲ ಗಂಟೆಯ ಕಬ್ಬಿಣದ ಹಿಡಿಗಳ ಆಕಾರ ಒಂದೊಂದೂ ಬೇರೆ. ದೀಪವಿಲ್ಲದ ಬೀದಿಯಲ್ಲಿ ಕೈಯಿಂದ ತಡವಿದರೆ ಸಾಕು, ತನ್ನ ಮನೆ ಯಾವುದೆಂದು ತಿಳಿಯುತ್ತಿತ್ತು. ಆ ಪುಟ್ಟ ಬಾಡಿಗೆಯೂ ಹಂಗಿನ ಭಾರ ಇಳಿಸುವಂಥದ್ದು. ಕೊಡುವವನು ಪಡೆಯುವವನ ಮಾನ ಕಾಯಬೇಕೆಂಬ ಕ್ರೈಸ್ತ ತಿಳಿವಳಿಕೆ ಇಟ್ಟಿಗೆ ಗಾರೆಯಲ್ಲಿ ಇಷ್ಟು ಸ್ಪಷ್ಟವಾಗಿ ಕಾಣುವ ಜಾಗ ನನಗೆ ಬೇರೆ ಗೊತ್ತಿಲ್ಲ.

ಸಂಗೀತಗಾರ ಮೊಜಾರ್ಟನ ಮುತ್ತಜ್ಜ, ಗಾರೆ ಕೆಲಸದ ಫ್ರಾನ್ಸ್ ಮೊಜಾರ್ಟ್, ಇಲ್ಲಿಯೇ ಬಾಳಿದವನು. 1944ರ ಬಾಂಬ್ ದಾಳಿಯಲ್ಲಿ ಕೇರಿಯ ಬಹುಭಾಗ ನೆಲಕಚ್ಚಿತು; ಮನೆತನ ಮತ್ತೆ ಕಟ್ಟಿಸಿತು. ಖರ್ಚಿನ ಬಹುಪಾಲು ಇಂದು ಬರುವುದು ದತ್ತಿಯ ಕಾಡುಗಳ ಆದಾಯದಿಂದ.

ಆಗ್ಸ್‌ಬರ್ಗಿನವರಾಗಿರಬೇಕು, ಕಥೊಲಿಕರಾಗಿರಬೇಕು, ಬಡವರಾಗಿರಬೇಕು ಎಂಬ ಹಳೆಯ ಕರಾರು ಇನ್ನೂ ಇದೆ. ಅನ್ಯರನ್ನು ಹೊರಗಿಡುವ ಈ ಗೆರೆ ನನ್ನನ್ನು ನೋಯಿಸುತ್ತದೆ. ಒಳಗೆ ಸುಮಾರು 150 ಮಂದಿ ವಾಸವಾಗಿದ್ದಾರೆ. ರಾತ್ರಿ ಹತ್ತಕ್ಕೆ ಕೇರಿಯ ಹೆಬ್ಬಾಗಿಲು ಮುಚ್ಚುತ್ತದೆ. ತಡವಾಗಿ ಬಂದವರು ಕಾವಲುಗಾರನಿಗೆ 50 ಸೆಂಟ್ ಕೊಟ್ಟು ಮನೆ ಸೇರುತ್ತಾರೆ.